ಹಸಿರು ಪೇಂಟಿನ ಕೆಳಗಿನ ಬಿರುಕು

ಅಪ್ಪ,

ಪೇಂಟ್ ಕೆರೆದಾಗ ಸಿಕ್ಕಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯೋಣ ಅಂದುಕೊಂಡಿದ್ದೆ. ಹೋದವರ ಹತ್ತಿರ ಜಗಳ ಯಾಕೆ ಅಂತ. ಆದರೆ ಅದನ್ನು ಬಿಟ್ಟರೆ ಬರೆಯಲು ಏನು ಉಳಿಯುತ್ತದೆ? ಪುಟ್ಟಿ ಸಿಕ್ಕಿತು ಅಪ್ಪ. ನಮ್ಮ ಹಳೇ ಪಂಪ್‌ಸೆಟ್ ಇಂಜಿನ್ನಿನ ಹಸಿರು ಪೇಂಟಿನ ಕೆಳಗೆ, ಬಿರುಕಿನ ಉದ್ದಕ್ಕೂ ನೀಟಾಗಿ ಮೆತ್ತಿದ ಪುಟ್ಟಿ. ಆ ಪೇಂಟ್ ನೀನು ಬಳಿದಿದ್ದು ನನ್ನ ಮದುವೆಗೆ, ಗೇಟಿಗೆ ತಂದು ಉಳಿದಿದ್ದರಲ್ಲಿ. ಚಿಕ್ಕಪ್ಪ ಇಂಜಿನ್ನಿಗೆ ನೀರು ಸುರಿದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಅಂದರೆ ಬಿರುಕು ಮೊದಲೇ ಇತ್ತು. ನಿನಗೆ ಗೊತ್ತಿತ್ತು.

ನೀರು ಸುರಿದ ಆ ಆಯುಧಪೂಜೆ ನನಗೆ ಚೆನ್ನಾಗಿ ನೆನಪಿದೆ. ಕತ್ರಿಗುಪ್ಪೆಯ ನಮ್ಮ ಹೊಲವೆಲ್ಲ ಸೈಟಾಗಿ, ಬಾವಿ ಮುಚ್ಚಿ, ಬಾಡಿಗೆ ಮನೆಗಳು ಎದ್ದ ಮೇಲೂ ನೀನು ವರ್ಷಕ್ಕೊಂದು ಸಲ ಶೆಡ್ಡಿನಲ್ಲಿ ಅದನ್ನು ಸ್ಟಾರ್ಟ್ ಮಾಡುತ್ತಿದ್ದೆ. ಬಾಡಿಗೆಯವರು ಕಿವಿ ಮುಚ್ಚಿಕೊಂಡು ಪ್ರಸಾದಕ್ಕೆ ಕಾಯುತ್ತಿದ್ದರು. ಆ ಸಲ ಇಂಜಿನ್ ಕಾದು ಹೊಗೆಯಾಡಿತು. ಚಿಕ್ಕಪ್ಪ ಗಾಬರಿಯಲ್ಲಿ ಒಂದು ಬಕೆಟ್ ತಣ್ಣೀರು ಸುರಿದರು. ಬಿರುಕಿನಿಂದ ನೀರು ಇಳಿಯತೊಡಗಿತು. "ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಹಾಕ್ತಾರೇನೋ? ಅಪ್ಪ ತಂದಿದ್ದ ಇಂಜಿನ್ ಒಡೆದುಬಿಟ್ಟೆಯಲ್ಲೋ" ಅಂದೆ ನೀನು, ಅಷ್ಟು ಜನರ ಮುಂದೆ. ಅವತ್ತಿನಿಂದ ಪಕ್ಕದ ರಸ್ತೆಯಲ್ಲೇ ಇದ್ದರೂ ಅವರು ನಮ್ಮ ಮನೆಯ ಕಾಫಿ ಕುಡಿಯಲಿಲ್ಲ. ನೀನೂ ಕರೆಯಲಿಲ್ಲ. ಆಗೆಲ್ಲ ನಿನ್ನ ಮನಸ್ಸಿನಲ್ಲಿ... ಬೇಡ, ಕೇಳಿ ಏನು ಪ್ರಯೋಜನ.

ನಿನ್ನ ವರ್ಷದ ಕಾರ್ಯ ಮುಗಿದ ಸಂಜೆ ಚಿಕ್ಕಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತು, "ಆಯುಧಪೂಜೆಗೆ ಓಡಿದ್ರೆ ಇರ್ಲಿ, ಇಲ್ದಿದ್ರೆ ಗುಜರಿಯವನಿಗೆ. ಶೆಡ್ಡಲ್ಲಿ ಅರ್ಧ ನಂದು" ಅಂದರು. ಅಮ್ಮ ಒಳಗಿನಿಂದಲೇ, "ಹಂಗೇ ನನ್ನೂ ತೂಕಕ್ಕೆ ಹಾಕ್ಬಿಡಪ್ಪ" ಅಂದಳು. ಇಬ್ಬರ ನಡುವೆ ನಾನು. ಆಫೀಸ್ ಮುಗಿಸಿ ಜೆ.ಪಿ. ನಗರದ ಮನೆಗೂ ಹೋಗದೆ, ಬೀಡು ವೆಲ್ಡ್ ಮಾಡುವವರನ್ನು ಹುಡುಕಿಕೊಂಡು ಅಲೆದೆ. ಹೋದಲ್ಲೆಲ್ಲ ಒಂದೇ ಉತ್ತರ: "ಹೊಸದು ತಗೊಳ್ಳಿ ಮೇಡಂ." ಹೊಸದು ತಗೊಂಡು ಯಾವ ಬಾವಿಗೆ ಇಡಲಿ?

ಕೊನೆಗೆ ಒಪ್ಪಿಕೊಂಡವನು ಬನಶಂಕರಿಯ ಶಂಕ್ರಣ್ಣ. ಕೈಗಿಂತ ಬಾಯಿ ಜೋರು. ಶೆಡ್ಡಿಗೇ ಬಂದು ಪೇಂಟ್ ಕೆರೆದು ನೋಡಿ, "ಯಾರು ಮೇಡಂ ಈ ಪುಟ್ಟಿ ಡಾಕ್ಟ್ರು?" ಅಂದ. ಬಿರುಕು ಮುಂದೆ ಓಡದ ಹಾಗೆ ಅದರ ಎರಡು ತುದಿಗೂ ತೂತು ಕೊರೆದ. ಇಂಜಿನ್ನಿನ ಬ್ಲಾಕನ್ನು ಚೆನ್ನಾಗಿ ಕಾಯಿಸಿ, ಒಂದಿಂಚು ವೆಲ್ಡ್ ಮಾಡುವುದು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದು, ಮತ್ತೆ ಒಂದಿಂಚು. ಎಲ್ಲ ಮುಗಿದ ಮೇಲೆ ಬೇಕರಿ ಒಲೆಯ ಬೂದಿ ತುಂಬಿದ ಡ್ರಮ್ಮಿನಲ್ಲಿ ಅದನ್ನು ಹೂತಿಟ್ಟ. "ತಾನಾಗೇ ತಣ್ಣಗಾಗ್ಬೇಕು. ನಾನು ಹೇಳೋವರ್ಗೂ ಯಾರೂ ಮುಟ್ಟಂಗಿಲ್ಲ." ಅಮ್ಮನಿಗೆ ಹೇಳಿದೆ, ಬಾಡಿಗೆಯವರಿಗೂ ಹೇಳಿದೆ. ಚಿಕ್ಕಪ್ಪನಿಗೆ ಹೇಳಬೇಕು ಅನ್ನಿಸಲೇ ಇಲ್ಲ. ಅವರು ಶೆಡ್ಡಿನೊಳಗೆ ಕಾಲಿಟ್ಟು ಎಷ್ಟು ಕಾಲವಾಗಿತ್ತು?

ಆಯುಧಪೂಜೆಯ ಬೆಳಿಗ್ಗೆ ನಾನು ಬೂದುಗುಂಬಳಕಾಯಿ ಹಿಡಿದು ಬರುವಷ್ಟರಲ್ಲಿ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ಯಾರದೋ ಕೈಲಿ ಬ್ಲಾಕಿಗೆ ಗೋಣಿಚೀಲ ಸುತ್ತಿಸಿ ಬೂದಿಯಿಂದ ಎತ್ತಿಸಿ, ಪೈಪ್ ಹಿಡಿದಿದ್ದರು. ಆವಿ ಏಳುತ್ತಿತ್ತು.

"ಚಿಕ್ಕಪ್ಪ, ಏನ್ ಮಾಡ್ತಿದೀರ?"

"ತೊಳೀತಿದೀನಿ. ಮೈಯೆಲ್ಲ ಬೂದಿ ಮೆತ್ಕೊಂಡಿರೋದಕ್ಕೆ ಅರಿಶಿನ ಕುಂಕುಮ ಇಡಕ್ಕಾಗತ್ತಾ?"

"ಇನ್ನೂ ಬಿಸಿ ಇದೆಯಲ್ಲ."

"ಅದಕ್ಕೇ ಈ ಸಲ ಬಕೆಟ್ ಬೇಡ ಅಂತ ಪೈಪಲ್ಲಿ ಬಿಡ್ತಿದೀನಿ."

ಟಣ್ ಅಂತು. ಲೋಟ ಬಿದ್ದಷ್ಟೇ ಸದ್ದು. ವೆಲ್ಡಿಂಗಿನ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು. ಗುಜರಿಗೆ ಹಾಕ್ತೀನಿ ಅಂದವರು ಎಲ್ಲರಿಗಿಂತ ಮೊದಲು ಬಂದು ಅದಕ್ಕೆ ಸ್ನಾನ ಮಾಡಿಸಿದ್ದರು.

ನಿಮ್ಮಿಬ್ಬರಿಂದ ನನಗೆ ಸಾಕಾಗಿ ಹೋಯಿತು ಅಪ್ಪ. ಮಾಡದ ತಪ್ಪಿಗೆ ಇಷ್ಟು ವರ್ಷ ಅನ್ನಿಸಿಕೊಂಡವರು ಕೊನೆಗೆ ಅದನ್ನೇ ಮಾಡಿದರು. ಇನ್ನು ಆವತ್ತು ಅವರ ತಪ್ಪಿರಲಿಲ್ಲ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? ಹೇಳದೆ ಉಳಿದರೆ ನಿನಗೂ ನನಗೂ ಏನು ವ್ಯತ್ಯಾಸ?

ಶಂಕ್ರಣ್ಣ ಬಂದು ಕೂಗಾಡಿದ. "ಮನೆಯೋರೆಲ್ಲ ಇದನ್ನ ಇಡ್ಲಿ ಅಂದ್ಕೊಂಡಿದೀರಾ, ಬಿಸಿಬಿಸೀನೇ ತೆಗೆಯಕ್ಕೆ?" ಆದರೂ ಮತ್ತೆ ವೆಲ್ಡ್ ಮಾಡಿ ಬೂದಿಯೊಳಗೆ ಇಟ್ಟ. ಈ ಸಲ ಚಿಕ್ಕಪ್ಪ ಡ್ರಮ್ಮಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಅಮ್ಮ ಕಾಫಿ ತಂದರೂ, "ದೂರ, ಅತ್ತಿಗೆ" ಅಂದರು. ಎದ್ದು ಬಂದು ಲೋಟ ತೆಗೆದುಕೊಂಡರು, ಕುಡಿದರು. ಅಮ್ಮ ನನ್ನ ಮುಖ ನೋಡಿದಳು. ಆಗಲೇ ಹೇಳಿಬಿಟ್ಟೆ. ಪುಟ್ಟಿ, ಪೇಂಟ್, ನನ್ನ ಮದುವೆ, ಎಲ್ಲ.

ಚಿಕ್ಕಪ್ಪ ಖಾಲಿ ಲೋಟ ಕೆಳಗಿಟ್ಟು ಮತ್ತೆ ಡ್ರಮ್ಮಿನ ಪಕ್ಕ ಕೂತರು. "ನಿಮ್ಮಪ್ಪ..." ಅಂದರು. ಆಮೇಲೆ, "ಹಂಗಾದ್ರೆ ನಾನು ಒಡೆದಿದ್ದು ಒಂದೇ ಸಲ. ಅಲ್ವೇನಮ್ಮ?"

"ಹೂಂ ಚಿಕ್ಕಪ್ಪ. ಒಂದೇ ಸಲ."

"ಎಲ್ಲಾದ್ರೂ ಬರೆದಿಡು."

ಅದಕ್ಕೇ ಬರೆದೆ. ನಿನಗಲ್ಲದೆ ಇನ್ಯಾರಿಗೆ ಬರೆಯಲಿ? ನಿನ್ನೆ ಬ್ಲಾಕಿಗೆ ನೀರು ತುಂಬಿಸಿ ನೋಡಿದೆವು, ಒಂದು ಹನಿಯೂ ಇಳಿಯಲಿಲ್ಲ. ಗುಜರಿಯ ಮಾತು ಈಗ ಯಾರೂ ಎತ್ತುತ್ತಿಲ್ಲ. ವೆಲ್ಡಿಂಗಿನ ಮೇಲೆ ಪೇಂಟ್ ಮಾತ್ರ ಬಳಿಯಬೇಡಿ, ಗಾಯ ಕಾಣಲಿ ಅಂತ ನಾನು ಹಟ ಹಿಡಿದಿದ್ದೇನೆ. ಜೋಡಿಸಿ ಸ್ಟಾರ್ಟ್ ಮಾಡುವುದು ದೀಪಾವಳಿಗೆ, ಹ್ಯಾಂಡಲ್ ತಿರುಗಿಸುವವರು ಚಿಕ್ಕಪ್ಪ. ಈ ಕಾಗದವನ್ನು ನಿನ್ನ ಹೆಸರಿಗೇ, ಕತ್ರಿಗುಪ್ಪೆಯ ವಿಳಾಸಕ್ಕೇ ಹಾಕುತ್ತೇನೆ. ಅಮ್ಮ ಒಡೆದು ಚಿಕ್ಕಪ್ಪನ ಕೈಗೆ ಕೊಡಲಿ. ಇಂಜಿನ್ ಓಡಲಿ, ಬಿಡಲಿ, ಪೋಸ್ಟ್ ಮಾಡುವುದು ಅದಕ್ಕೂ ಮೊದಲೇ, ನೀರು ತುಂಬುವ ಹಬ್ಬದ ದಿನ.