ನಾಲ್ಕನೇ ಕ್ಯಾಮೆರಾದ ಮರ

ಮಾರ್ಚ್ 3, ಮಧ್ಯಾಹ್ನ

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ಪೆನ್ನು ಹಿಡಿಸಿದ್ದಾರೆ ಕಣ್ಣಿನ ಡಾಕ್ಟರಮ್ಮ. ಯಾವಾಗ ಉರಿಯಿತು, ಯಾವಾಗ ಮಂಜಾಯಿತು, ಎಲ್ಲ ಬರೆದಿಡಬೇಕಂತೆ. ಅವರು ಓದುವುದಿಲ್ಲವಂತೆ, ನನಗೇ ಗೊತ್ತಾಗಲಿ ಅಂತ. ಉರಿಯುವ ಕಣ್ಣಿಗೆ ಇನ್ನೊಂದು ಕೆಲಸ. ಸರಿ, ಬರೆದೆ — ಬೆಳಿಗ್ಗೆಯಿಂದ ಉರಿ. ಊಟದ ಹೊತ್ತಿಗೆ ತಲೆನೋವು.

ಮೊದಲು ಗೋಡೌನಿನ ಗೇಟು ಕಾಯುತ್ತಿದ್ದೆ. ಮೊಣಕಾಲು ಕೈಕೊಟ್ಟಿತೆಂದು ಒಳಗೆ ಕೂರಿಸಿದರು. ಎದುರಿಗೆ ಪರದೆ, ಪರದೆಯೊಳಗೆ ಒಂಬತ್ತು ಕ್ಯಾಮೆರಾ. ಕೋಣೆಗೆ ಇರುವುದೊಂದೇ ಕಿಟಕಿ. ಅದಕ್ಕೂ ಕಬ್ಬಿಣದ ಬೀರು ಅಡ್ಡ.

ಮಾರ್ಚ್ 4

ಹೆಂಡತಿ ಡ್ರಾಪ್ಸ್ ಹಾಕಿದಳು. "ಮದ್ವೆ ಆದಾಗಿಂದ ನನ್ನ ಮುಖ ನೆಟ್ಟಗೆ ನೋಡಿದ್ದಿಲ್ಲ. ಈಗ ಸಂಬಳ ಕೊಟ್ಟು ಲಾರಿ ನೋಡಿಸ್ತಿದಾರೆ, ಅನುಭವಿಸಿ."

"ಲಾರಿ ತಿರುಗಿ ಬಯ್ಯಲ್ಲ ಕಣೇ."

ಮುಂದಿನ ಹನಿ ಮೂಗಿನ ಮೇಲೆ ಬಿತ್ತು. ಬೇಕಂತಲೇ.

ಮಾರ್ಚ್ 9

ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ್ದೇನಾದರೂ ನೋಡಬೇಕು, ಡಾಕ್ಟರಮ್ಮನ ಅಪ್ಪಣೆ. ನೋಡುತ್ತಿದ್ದೇನೆ. ನಾಲ್ಕನೇ ಕ್ಯಾಮೆರಾದಲ್ಲಿ ಗೇಟಿನಾಚೆ ರಸ್ತೆ, ರಸ್ತೆಯ ಕೊನೆಗೆ ಒಂದು ಮರ. ಅದನ್ನೇ ದಿಟ್ಟಿಸುತ್ತೇನೆ. ಒಂದು ಸಲವೂ ತಪ್ಪಿಸಿಲ್ಲ. ಉರಿ ಮಾತ್ರ ಹೆಚ್ಚಾಗಿದೆ... ಔಷಧಿಯೇ ಖೋಟಾ ಇರಬೇಕು.

ಮಾರ್ಚ್ 12, ಸಂಜೆ

ಆಗಬಾರದ್ದು ಆಗಿಬಿಡುತ್ತಿತ್ತು. ಲಾರಿ ರಿವರ್ಸ್ ಬರುವಾಗ ಹಿಂದೆ ಯಾರಾದರೂ ಇದ್ದರೆ ಮೈಕಿನಲ್ಲಿ ಕೂಗಬೇಕಾದವನು ನಾನು. ಏಳನೇ ಕ್ಯಾಮೆರಾದಲ್ಲಿ ಏನೋ ಮಸುಕಾಗಿ ಕಂಡಿತು. ಮೂಟೆ ಅಂದುಕೊಂಡೆ. ಮೂಟೆ ಎದ್ದು ಹಾರಿತು. ಲೋಡ್ ಎತ್ತುವ ಹುಡುಗ. ಚಪ್ಪಲಿ ಚಕ್ರದಡಿ ಹೋಯಿತು, ಕಾಲು ಉಳಿಯಿತು.

ಸೂಪರ್‌ವೈಸರ್ ಓಡಿ ಬಂದ. "ನಿದ್ದೆ ಮಾಡ್ತಿದ್ರಾ ಯಜಮಾನ್ರೇ?"

"ರೆಪ್ಪೆ ಕೂಡ ಬಡಿದಿಲ್ಲ."

ನಿಜವನ್ನೇ ಹೇಳಿದೆ.

ಮಾರ್ಚ್ 14

ಡಾಕ್ಟರಮ್ಮನಿಗೆ ಮರದ ವಿಷಯ ಹೇಳಿದೆ. ಟಾರ್ಚು ಕೆಳಗಿಟ್ಟರು.

"ಆ ಮರ ಎಷ್ಟು ದೂರ ಇದೆ?"

"ಒಂದು ಫರ್ಲಾಂಗು."

"ಪರದೆ?"

ಕೈ ಚಾಚಿ ತೋರಿಸಿದೆ.

"ಮತ್ತೆ ಮರಾನೂ ಅಷ್ಟೇ ದೂರ ಅಲ್ವಾ? ಪರದೆ ಒಳಗಿರೋದೆಲ್ಲ ಅಷ್ಟೇ ದೂರ. ಕಿಟಕಿಯಾಚೆ ನೋಡಿ. ರೆಪ್ಪೇನೂ ಬಡೀರಿ. ಬಡೀದೆ ಕೂತ್ರೆ ಕಣ್ಣು ಒಣಗುತ್ತೆ, ಎಲ್ಲ ಮಸುಕಾಗುತ್ತೆ."

ಜೊತೆಗೆ ಬಂದಿದ್ದ ಹೆಂಡತಿ ವಾಪಸು ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕಳು. ಪಕ್ಕದ ಸೀಟಿನವಳಿಗೂ ಹೇಳಿದಳು. ಇಳಿಯುವಾಗ ಮಾತ್ರ ನನ್ನ ತೋಳು ಹಿಡಿದುಕೊಂಡಳು, ಮೆಟ್ಟಿಲು ಕಾಣುವುದೋ ಇಲ್ಲವೋ ಅಂತ.

ಮಾರ್ಚ್ 16

ಬೀರು ಸರಿಸು ಅಂದೆ ಸೂಪರ್‌ವೈಸರನಿಗೆ. ಹಿಂದಿರುವ ಕಿಟಕಿಯಿಂದ ಅದೇ ಮರ ಕಾಣುತ್ತದೆ.

"ಬೆಳಕು ಬಿದ್ರೆ ಪರದೆ ಹೊಳೆಯುತ್ತಲ್ಲ ಯಜಮಾನ್ರೇ."

"ಪರದೇನ ಪಕ್ಕಕ್ಕೆ ತಿರುಗಿಸಿಡು. ಅದಕ್ಕೇನು ಇಂಜಿನಿಯರ್ ಬೇಕಾ?"

"ಆಫೀಸಲ್ಲಿ ಕೇಳ್ಬೇಕು. ಕಣ್ಣಿಗೆ ಆಗ್ತಿಲ್ಲ ಅಂದ್ರೆ ಮನೇಲಿರಿ."

ಅವನು ಹೋದ ಮೇಲೆ ಆ ಹುಡುಗ ಬಾಗಿಲಿಗೆ ಬಂದ. ಕಾಲಲ್ಲಿ ಹೊಸ ಚಪ್ಪಲಿ. "ಇವತ್ತೂ ನೀವೇ ತಾನೇ ನೋಡೋದು, ತಾತ?" ನಂಬಿ ಕೇಳಿದನೋ, ಹೆದರಿ ಕೇಳಿದನೋ. ಹೂಂ ಅಂದೆ.

ಮಾರ್ಚ್ 21

ಬೀರು ಅಲ್ಲೇ ಇದೆ. ಪರದೆಯನ್ನು ನಂಬುವುದು ಬಿಟ್ಟಿದ್ದೇನೆ. ಲಾರಿ ಹಿಂದಕ್ಕೆ ಹೊರಟಾಗಲೆಲ್ಲ ಎದ್ದು ಹೊರಗೆ ಹೋಗಿ ಕಣ್ಣಾರೆ ನೋಡಿ ಕೂಗುತ್ತೇನೆ. ಮೊಣಕಾಲು ಬಾತಿದೆ. ಸಾಕಾಯಿತು. ಸೂಪರ್‌ವೈಸರನಿಗೆ ಮುಖಕ್ಕೇ ಹೇಳಿ ಬಂದೆ — ಬೀರು ಸರಿಸುತ್ತೀಯೋ, ಆ ಕುರ್ಚಿಯಲ್ಲಿ ನೀನೇ ಕೂರುತ್ತೀಯೋ. ಇಪ್ಪತ್ತೈದನೇ ತಾರೀಖಿಗೆ ಉತ್ತರ ಬೇಕು.