ಬಣ್ಣ ಬಿಡದ ಅಂಗಿ

ಫ್ರೇ ಪೇಟೆ, ಬುದ್ಧ ವರ್ಷ ೨೫೩೦
ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಗೆ ಒಂದು ವಾರ ಮುಂಚೆ

ಪೂಜ್ಯ ಮಗ ಭಂತೆಯವರಿಗೆ,

ಹೆತ್ತವಳ ನಮಸ್ಕಾರ. ‘ಲೋ ತೋನ್’ ಎಂದು ಬೀದಿಯ ತುದಿಯವರೆಗೂ ಕೂಗುತ್ತಿದ್ದ ಬಾಯಿಗೆ ‘ನೀವು’ ಇನ್ನೂ ರೂಢಿಯಾಗಿಲ್ಲ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆ ಎಂದಾಗ ನೆನಪಾಯಿತು, ಮಧ್ಯಾಹ್ನದ ಮೇಲೆ ಏನೂ ತಿನ್ನದೆ ಅದು ಹೇಗಿದೆ? ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ಬಟ್ಟೆ ಅದ್ದುವ ನೀಲಿ ಬಣ್ಣದ ಮಡಕೆಗಳೂ ಚೆನ್ನಾಗಿವೆ. ದಿನಾ ಬೆಳಗ್ಗೆ ಮುಚ್ಚಳ ತೆಗೆದು ಅವನ್ನು ಮಾತಾಡಿಸುತ್ತೇನೆ. ಮಾತಾಡಿಸದಿದ್ದರೆ ಬಣ್ಣ ಸತ್ತುಹೋಗುತ್ತದೆ ಎಂದು ನಿಮ್ಮಪ್ಪ ಹೇಳುತ್ತಿದ್ದರು. ಈಗ ಈ ಮನೆಯಲ್ಲಿ ನನ್ನ ಮಾತಿಗೆ ಸಿಗುವವರೂ ಅವೇ.

ಹೋದ ಅಮಾವಾಸ್ಯೆಯ ಬೆಳಗ್ಗೆ ನಾನು ವಿಹಾರಕ್ಕೆ ಬಂದಿದ್ದೆನಲ್ಲ, ಅದರ ಬಗ್ಗೆ ಬರೆಯಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ವಿಹಾರಕ್ಕೆ ಹೋಗುವವರು ಏನು ಉಡಬೇಕು ಎಂದು ಊರಿಗೆಲ್ಲ ಹೇಳಿಕೊಡುವವಳು ನಾನು. ತೋಳು ಮುಚ್ಚುವ ಬಿಳಿ ರವಿಕೆ, ಕಾಲು ಮಡಚಿ ಒಂದು ಬದಿಗೆ ಕುಳಿತರೆ ಪಾದ ಮರೆಯಾಗುವಷ್ಟು ಅಗಲದ ಸುತ್ತುಬಟ್ಟೆ, ಬೆಟ್ಟದ ಚಳಿಗೊಂದು ಶಾಲು, ಬಗ್ಗದೆ ಬಿಡಬಹುದಾದ ಚಪ್ಪಲಿ. ಸದ್ದು ಮಾಡುವ ಬಳೆ ಬೇಡ, ಅತ್ತರು ಬೇಡ. ಬಿಗಿಯಾಗಿ ಉಟ್ಟ ಹುಡುಗಿಯರು ನಮ್ಮ ಬಟ್ಟೆ ಅಂಗಡಿಗೆ ಬಂದರೆ, ‘ಬುದ್ಧ ಅಲ್ಲಿ ನಿನ್ನ ಸೊಂಟ ಅಳೆಯೋಕೆ ಕೂತಿಲ್ಲ ಕಣೇ, ಮಂತ್ರ ಮುಗಿಯೋ ಹೊತ್ತಿಗೆ ಕಾಲು ಮರಗಟ್ಟತ್ತೆ, ಸಡಿಲವಾಗಿ ಉಡು’ ಎಂದು ಬೈದು, ಒಂದು ಮೊಳ ಹೆಚ್ಚಿಗೆ ಮಾರಿ ಕಳಿಸುತ್ತೇನೆ.

ಇಷ್ಟೆಲ್ಲ ಬಲ್ಲವಳು ನಾನೇ ಎಡವಿದೆ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂಬ ಆಸೆಗೆ, ಹಿಂದಿನ ದಿನವಷ್ಟೇ ಮಡಕೆಯಿಂದ ತೆಗೆದ ಕಡುನೀಲಿ ಬಟ್ಟೆಯನ್ನು ತೊಳೆಯದೆಯೇ ಉಟ್ಟೆ. ತೊಳೆದರೆ ಆ ಹೊಳಪು ಇಳಿಯುತ್ತದೆ, ನಿಮಗೇ ಗೊತ್ತು. ಬಸ್ಸಿನಲ್ಲಿ ಪಕ್ಕದ ಮನೆಯ ಕಾಮ್‌ಪನ್ ಮೇಲಿಂದ ಕೆಳಗೆ ನೋಡಿ, ‘ಏನೇ ಬುವಾ, ವಿಹಾರಕ್ಕೋ ಮಗನ ಮದುವೆಗೋ?’ ಎಂದಳು. ಮಗನನ್ನ ನೋಡೋಕೆ ಎಂದೆ. ‘ಅಲ್ಲಿ ನಿನ್ನ ಮಗ ಎಲ್ಲಿದಾನೆ? ಇರೋರು ಭಂತೆ’ ಎಂದಳು. ಬೆಟ್ಟ ಬರುವವರೆಗೂ ನಾನು ಅವಳೊಡನೆ ಮಾತಾಡಲಿಲ್ಲ. ನನ್ನ ಬಾಯಿಗೆ ಅದೇನು ಸಣ್ಣ ಉಪವಾಸವಲ್ಲ.

ಬಸ್ಸಿಳಿದು ನಡೆಯುವಾಗ ಹುಲ್ಲಿನ ಮಂಜಿಗೆ ಬಟ್ಟೆಯ ಅಂಚು ನೆನೆಯಿತು. ಹಿಂಡಿದೆ, ಬೆರಳೆಲ್ಲ ನೀಲಿ. ಹೆಂಗಸಾದ ನಾನು ಕೊಟ್ಟದ್ದನ್ನು ನೀವು ಕೈಯಿಂದ ತೆಗೆದುಕೊಳ್ಳುವಂತಿಲ್ಲವಲ್ಲ, ಮುಂದೆ ಹಳದಿ ಬಟ್ಟೆ ಹಾಸಿದಿರಿ. ಅಂಟನ್ನದ ಬುಟ್ಟಿ ಅದರ ಮೇಲಿಟ್ಟು ಕೈ ತೆಗೆದರೆ, ನನ್ನ ಬೆರಳುಗಳು ಅಲ್ಲೇ ಉಳಿದುಬಿಟ್ಟಿವೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪಕ್ಕದಲ್ಲಿದ್ದ ಹಿರಿಯ ಭಂತೆ, ‘ಏನೋ ಹತ್ತಿದೆಯಲ್ಲ’ ಎಂದರು. ನೀವು, ‘ನೀಲಿ. ತೊಳೆದರೂ ಹೋಗಲ್ಲ’ ಎಂದಿರಿ. ಕಲೆಯನ್ನು ಒಳಗೆ ಮಾಡಿ ಮಡಚಿದಿರಿ. ಇಡೀ ಮಳೆಗಾಲದಲ್ಲಿ ನನ್ನ ಕಿವಿಗೆ ಬಿದ್ದ ನಿಮ್ಮ ದನಿ ಅಷ್ಟೇ. ಅದನ್ನು ಹಿಡಿದುಕೊಂಡು ಮನೆಗೆ ಬಂದೆ. ಆ ಬಟ್ಟೆಯನ್ನು ಒಗೆದುಬಿಟ್ಟಿರಾ?

ಹೊರಡುವಾಗ ಹಿರಿಯರು ನನ್ನನ್ನು ನಿಲ್ಲಿಸಿ, ‘ಹುಡುಗನ ಮನಸ್ಸು ಇಲ್ಲೇ ನಿಂತ ಹಾಗಿದೆ, ತಾಯಿ. ಪುಣ್ಯವಂತೆ ನೀನು’ ಎಂದರು. ಹೂಂ ಎಂದೆ. ತೀರಿಹೋದ ಅಪ್ಪನ ಹೆಸರಿನಲ್ಲಿ ಒಂದೇ ಮಳೆಗಾಲ ಎಂದು ಹೇಳಿ ತಲೆ ಬೋಳಿಸಿಕೊಂಡವರು ನೀವು. ಹೂಂ ಎನ್ನದೆ ಬೇರೇನು ಹೇಳಲಿ? ಭಂತೆಯಾದ ಮಗ ಉಟ್ಟ ಚೀವರದ ಅಂಚು ಹಿಡಿದುಕೊಂಡು ತಾಯಿ ಸ್ವರ್ಗ ಸೇರುತ್ತಾಳೆ ಎಂದು ಊರವರೆಲ್ಲ ನನ್ನನ್ನು ಹೊಗಳುತ್ತಾರೆ. ಹಿಡಿಯುವುದು ಹೇಗೋ ಒಬ್ಬರೂ ಹೇಳುವುದಿಲ್ಲ. ಮುಟ್ಟುವಂತೆಯೇ ಇಲ್ಲವಲ್ಲ.

‘ಆಶೀರ್ವಾದಗಳು’ ಎಂದು ಬರೆಯಲು ಹೋಗಿ ಕೈ ತಡೆಯಿತು. ಈಗ ಆಶೀರ್ವದಿಸುವವರು ನೀವು, ತಲೆ ಬಗ್ಗಿಸುವವಳು ನಾನು. ಬಗ್ಗಿಸಿದ್ದೇನೆ.

ನಿಮ್ಮನ್ನು ಹೆತ್ತ
ಬುವಾಕಾಮ್

ಮರೆತಿದ್ದೆ. ತೋನ್, ಹುಣ್ಣಿಮೆಯ ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಹಳೆಯ ಬಟ್ಟೆಯನ್ನೇ ಉಟ್ಟು ಬರುತ್ತೇನೆ, ಹೆದರಬೇಡ. ನೀನು ಚೀವರ ಬಿಟ್ಟು ಹೊರಬರುವುದಾದರೆ ತೊಡಲು ಏನಾದರೂ ಬೇಕಲ್ಲ, ನೀಲಿ ಅಂಗಿಯೊಂದನ್ನು ಹೊಲಿದಿಟ್ಟಿದ್ದೇನೆ. ನೀರು ತಿಳಿಯಾಗುವವರೆಗೂ ತೊಳೆದಿದ್ದೇನೆ, ಬಣ್ಣ ಬಿಡುವುದಿಲ್ಲ. ಅಲ್ಲೇ ಉಳಿಯುವುದಾದರೆ ಹೊಸ ಚೀವರಕ್ಕೆ ಬಟ್ಟೆ ತರುತ್ತೇನೆ, ಅಳುವುದಿಲ್ಲ. ಉಳಿಯುವುದಾದರೆ ಮಾತ್ರ ಕಾಗದ ಬರೆ. ಕಾಗದ ಬರದಿದ್ದರೆ ಅಂಗಿ ತರುತ್ತೇನೆ. ನಮ್ಮ ಬೀದಿಯ ಅಂಚೆಯವನು ಎಂಥ ಸೋಮಾರಿ ಎಂದು ನಿನಗೆ ಗೊತ್ತೇ ಇದೆ.