ಇಳಿಜಾರಿನಲ್ಲಿ ಹುಟ್ಟಿದ ಕರೆಂಟು

ಹರಿಹರ
೧೪-೨-೧೯೯೯

ಚಿ. ಸೌ. ವಾಣಿಗೆ ನಿನ್ನ ಅಪ್ಪ ಮಾಲತೇಶಪ್ಪನ ಆಶೀರ್ವಾದಗಳು.

ನಾನು, ನಿನ್ನ ಅವ್ವ ಇಬ್ಬರೂ ಗಟ್ಟಿಯಾಗಿದ್ದೇವೆ. ನೀನು ಎರಡು ಕಾಗದ ಹಾಕಿ, ಎರಡರಲ್ಲೂ ಕಲ್ಲು ಹೊರುವ ಡಂಪರ್ ಏನಾಯಿತೆಂದು ಕೇಳಿದ್ದೆ. ಹದಿನೈದು ದಿನ ಉತ್ತರ ಬರೆಯದೆ ಕೂತೆ, ಕೋಪ ಮಾಡಿಕೊಳ್ಳಬೇಡ. ಇವತ್ತು ನಿನ್ನ ಅವ್ವ ಕಾಗದ, ಪೆನ್ನು ಮುಂದಿಟ್ಟು, "ಬರೀರಿ, ಬರಿಯೋತನಕ ಚಾ ಇಲ್ಲ" ಎಂದಳು.

ಓಡಿತು ವಾಣಿ! ಡಿಪ್ಲೊಮಾ ಓದುವಾಗ ನೀನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆಯಲ್ಲ, ಭಾರ ಹೊತ್ತು ಇಳಿಯುವ ಗಾಡಿ ತಾನೇ ಕರೆಂಟು ಹುಟ್ಟಿಸಲಿ, ಅದೇ ಕರೆಂಟು ಖಾಲಿ ಗಾಡಿಯನ್ನು ಮೇಲಕ್ಕೆ ತಳ್ಳಲಿ ಎಂದು. ಆಗ ತಮಾಷೆ ಮಾಡಿದವನು ನಾನೇ. ಹೋದ ವರ್ಷ ಬಾತಿ ಕಡೆಯ ಕಲ್ಲು ಕ್ವಾರಿಯಲ್ಲಿ ಈ ಡಂಪರಿನ ಬ್ರೇಕು ಕಾದು ಹಿಡಿಯದೆ ಡ್ರೈವರ್ ಉಚ್ಚಂಗೆಪ್ಪನ ಕಾಲು ಮುರಿದ ಮೇಲೆ ಆ ನೋಟ್‌ಬುಕ್ ಹುಡುಕಿ ತೆಗೆದೆ. ಮುಚ್ಚಿದ ಮಿಲ್ಲಿನ ಹರಾಜಿನಲ್ಲಿ ಸಿಕ್ಕ ಮೋಟಾರನ್ನು ಹಿಂದಿನ ಚಕ್ರ ತಿರುಗಿಸುವ ಶಾಫ್ಟಿಗೆ ನಮ್ಮ ಗ್ಯಾರೇಜಿನಲ್ಲೇ ಚೈನಿನಿಂದ ಜೋಡಿಸಿದೆ. ಕೆಳಗೆ ಲಾರಿ ಬ್ಯಾಟರಿಗಳನ್ನು ಸಾಲಾಗಿ ಕೂರಿಸಿದೆ. ಡೀಸೆಲ್ ಎಂಜಿನ್ನು ಇದ್ದಲ್ಲೇ ಇದೆ. ಕ್ವಾರಿ ಸಾಹುಕಾರರಾದ ಹಾಲೇಶಪ್ಪನವರು, "ಒಂದ್ಸಲ ನೋಡ್ತೀನಿ. ಆಗ್ಲಿಲ್ಲಂದ್ರ ಇದನ್ನೆಲ್ಲ ಬಿಚ್ಚಿ ಗುಜರಿಗೆ ಹಾಕ್ರಿ" ಎಂದಿದ್ದರು.

ಗುಡ್ಡದ ಮೇಲಿಂದ ಎಂಟು ಟನ್ ಕಲ್ಲು ಹೇರಿಕೊಂಡು ಹೊರಟೆವು. ಸ್ಟೇರಿಂಗಿಗೆ ಅದೇ ಉಚ್ಚಂಗೆಪ್ಪ, ಪಕ್ಕದಲ್ಲಿ ನಾನು. "ನೋಡಣ್ಣ, ನೆಟ್ಟಗಿರೋದು ಒಂದ ಕಾಲು, ಅದನ್ನಾದ್ರೂ ಉಳ್ಸು" ಎಂದ. ಇಳಿಜಾರು ಶುರುವಾದ ಕೂಡಲೇ ಸ್ವಿಚ್ ಹಾಕಿದೆ. ಯಾರೋ ಹಿಂದಿನಿಂದ ಪಂಚೆ ಹಿಡಿದು ಜಗ್ಗಿದ ಹಾಗೆ ಗಾಡಿ ನಿಧಾನವಾಯಿತು. ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ಹೊರಳಿತು, ಬ್ಯಾಟರಿಗೆ ಕರೆಂಟು ತುಂಬುತ್ತಿತ್ತು! ಉಚ್ಚಂಗೆಪ್ಪ ಬ್ರೇಕಿನ ಮೇಲಿದ್ದ ಕಾಲನ್ನು ಮೆಲ್ಲಗೆ ಎತ್ತಿ, "ಇದ್ಯಾರ್ ಹಿಡ್ಕೊಂಡಾರಣ್ಣ ಗಾಡೀನ?" ಎಂದು ಕೇಳಿದ. ನಾನು ಮೀಟರಿನ ಮುಳ್ಳು ತೋರಿಸಿದೆ.

ಕೆಳಗೆ ಬಂದೊಡನೆ ಅವನು ವಾಡಿಕೆಯಂತೆ ಬ್ರೇಕ್ ಡ್ರಮ್ಮಿಗೆ ಸುರಿಯಲು ನೀರಿನ ಕ್ಯಾನು ತಂದ. ದಿನಾ ಚುಂಯ್ ಎಂದು ಹಬೆ ಏಳುವ ಜಾಗ ಅದು. ತಡೆದು, ಬರಿಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೆ. ಮೂವತ್ತು ವರ್ಷ ಇಷ್ಟೊಂದು ಶಕ್ತಿಯನ್ನು ಬ್ರೇಕಿನಲ್ಲಿ ಸುಮ್ಮನೆ ಸುಟ್ಟೆವಲ್ಲ ಎನಿಸಿ ಅಲ್ಲೇ ಕೂತುಬಿಟ್ಟೆ. ಕಲ್ಲು ಸುರಿದು ಮತ್ತೆ ಹತ್ತಿದೆವು. ದಿನಾ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಗಾಡಿ ಬ್ಯಾಟರಿಯ ಕರೆಂಟಿನ ಬಲದಿಂದ ಮೂರನೆಯದರಲ್ಲಿ ಸಲೀಸಾಗಿ ಹತ್ತಿತು. ಜಲ್ಲಿ ಹೊರುವ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತ ನಿಂತರು. ಅವರಲ್ಲಿ ರಂಗವ್ವ ಎಂಬಾಕೆ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ನಿನ್ನ ಪೆನ್ಸಿಲ್ ಗೆರೆಗಳಿಗೆ ಕೈ ಮುಗಿಯಬೇಕೆನಿಸಿತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀನು ಕೈ ಹಾಕಿದ ಕೆಲಸವೆಲ್ಲ ಹೀಗೇ ನಡೆಯಲಿ, ನೂರು ಕಾಲ ಚೆನ್ನಾಗಿರು.

ಇಂತಿ ನಿನ್ನ ಅಪ್ಪ,
ಮಾಲತೇಶಪ್ಪ

ತಾ.ಕ.: ಒಂದು ಮಾತು ಬಿಟ್ಟಿದ್ದೇನೆ. ಗಾಡಿ ಮೊದಲ ಸಲ ಹೊರಡುವಾಗ ಅದನ್ನು ಮಾಡಿದವರೇ ಕಾಯಿ ಒಡೆಯುವುದು ನಮ್ಮ ಗ್ಯಾರೇಜಿನವರ ರೂಢಿ, ನಿನಗೆ ಗೊತ್ತು. ಓಡಿಸುವ ದಿನಕ್ಕೆ ನೀನು ಬರುತ್ತೇನೆಂದಾಗ, "ಕ್ವಾರಿಗೆ ಹೆಣ್ಮಕ್ಳು ಬ್ಯಾಡ" ಎಂದು ತಡೆದವನು ನಾನು. ಹಾಲೇಶಪ್ಪನವರು ಕಾಯಿ ಹಿಡಿದು, "ಈ ವಿಚಾರ ಯಾರ ತಲೀದು? ಅವ್ರೇ ಒಡೀಲಿ" ಎಂದರು. ನಿನ್ನ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. "ನಂದೇ ರೀ" ಎಂದು ಕೈ ಚಾಚಿದೆ. ಕಾಯಿ ಒಂದೇ ಏಟಿಗೆ ಹೋಳಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನದನ್ನು ಕದ್ದೆ ಮಗಳೇ, ನಿನಗೆ ಬರೆಯಲು ಮುಖವಿರಲಿಲ್ಲ.